ಆದ್ಯತಾ ಪಟ್ಟಿಯ ಚರಿತ್ರೆ: ವೈದ್ಯಕೀಯ ಇಂಟರ್ನ್‌ಷಿಪ್ ಹೊಂದಾಣಿಕೆ ವ್ಯವಸ್ಥೆಯ ಉಗಮ ಮತ್ತು ವಿಕಾಸ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ವೈದ್ಯಕೀಯ ಪದವಿಯ ಅಂತಿಮ ವರ್ಷದಲ್ಲಿರುವ ವಿದ್ಯಾರ್ಥಿಯು ಚಳಿಗಾಲದ ಕೊನೆಯಲ್ಲಿ ಒಂದು ಪಟ್ಟಿಯನ್ನು ಸಿದ್ಧಪಡಿಸಬೇಕಾಗುತ್ತದೆ. ತಾನು ತರಬೇತಿ ಪಡೆಯಲು ಇಚ್ಛಿಸುವ ಆಸ್ಪತ್ರೆಗಳನ್ನು ಒಂದು, ಎರಡು, ಮೂರು ಎಂದು ಇಷ್ಟದ ಕ್ರಮದಲ್ಲಿ ಆತ ಅದರಲ್ಲಿ ನಮೂದಿಸುತ್ತಾನೆ. ಆಸ್ಪತ್ರೆಗಳೂ ತಾವು ಸಂದರ್ಶಿಸಿದ ಅಭ್ಯರ್ಥಿಗಳನ್ನು ಕುರಿತು ಅಂಥದೇ ಪಟ್ಟಿಯನ್ನು ಸಲ್ಲಿಸುತ್ತವೆ. ಒಬ್ಬರ ಪಟ್ಟಿ ಇನ್ನೊಬ್ಬರಿಗೆ ಕಾಣುವುದಿಲ್ಲ. ಎರಡೂ ಬಗೆಯ ಪಟ್ಟಿಗಳನ್ನು ಒಂದು ಕೇಂದ್ರ ಸಂಸ್ಥೆಯು ಗಣಕಯಂತ್ರದ ನೆರವಿನಿಂದ ತಾಳೆ ನೋಡಿ, ಮಾರ್ಚ್ ತಿಂಗಳಿನಲ್ಲಿ ನಿಗದಿತ ದಿನದಂದು ದೇಶದಾದ್ಯಂತ ಏಕಕಾಲಕ್ಕೆ ಫಲಿತಾಂಶವನ್ನು ಪ್ರಕಟಿಸುತ್ತದೆ. ನ್ಯಾಷನಲ್ ರೆಸಿಡೆಂಟ್ ಮ್ಯಾಚಿಂಗ್ ಪ್ರೋಗ್ರಾಮ್ ಎಂಬ ಈ ವ್ಯವಸ್ಥೆಯ ಮೂಲಕ 2024ರಲ್ಲಿ ಹಂಚಿಕೆಗೆ ಲಭ್ಯವಿದ್ದ ತರಬೇತಿ ಹುದ್ದೆಗಳ ಸಂಖ್ಯೆ 40 ಸಾವಿರವನ್ನು ಮೀರಿತ್ತು.

ಹೊರನೋಟಕ್ಕೆ ಇದು ಕೇವಲ ಆಡಳಿತಾತ್ಮಕ ಅನುಕೂಲದ ಏರ್ಪಾಡಿನಂತೆ ತೋರುತ್ತದೆ. ಆದರೆ ಈ ಪಟ್ಟಿಯ ಹಿಂದೆ ಎಂಟು ದಶಕಗಳ ಇತಿಹಾಸವಿದೆ. ವಿದ್ಯಾರ್ಥಿಯು ತನ್ನ ಮನಸ್ಸಿನಲ್ಲಿರುವ ಕ್ರಮವನ್ನೇ ನಿರ್ಭಯವಾಗಿ ಬರೆಯಬಹುದೇ, ಅಥವಾ ತನಗೆ ದೊರೆಯಬಹುದಾದುದನ್ನು ಅಂದಾಜು ಮಾಡಿ ಅದಕ್ಕೆ ತಕ್ಕಂತೆ ಪಟ್ಟಿಯನ್ನು ತಿದ್ದಿಕೊಳ್ಳಬೇಕೇ ಎಂಬ ಪ್ರಶ್ನೆಯೇ ಆ ಇತಿಹಾಸದ ಕೇಂದ್ರದಲ್ಲಿರುವುದು. ವೈದ್ಯಕೀಯ ಶಿಕ್ಷಣದ ಚರಿತ್ರಕಾರರು ಪಠ್ಯಕ್ರಮಕ್ಕೂ ಸಂಶೋಧನೆಗೂ ನೀಡಿದಷ್ಟು ಗಮನವನ್ನು ಈ ಪ್ರಶ್ನೆಗೆ ನೀಡಿಲ್ಲ. ಅದರ ಮಹತ್ವವನ್ನು ಮೊದಲು ಗುರುತಿಸಿದವರು ಗಣಿತಜ್ಞರು ಮತ್ತು ಅರ್ಥಶಾಸ್ತ್ರಜ್ಞರು.

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಇಂಟರ್ನ್‌ಷಿಪ್ ಎಂಬುದು ಅಮೆರಿಕದ ವೈದ್ಯಕೀಯ ಪದವೀಧರರ ಬದುಕಿನ ಸಾಮಾನ್ಯ ಘಟ್ಟವಾಗಿ ನೆಲೆಗೊಂಡಿತು. ಆಸ್ಪತ್ರೆಗಳಿಗೆ ಇಂಟರ್ನ್‌ಗಳೆಂದರೆ ಅಗ್ಗದ ಶ್ರಮ. ಪದವೀಧರರಿಗೆ ಇಂಟರ್ನ್‌ಷಿಪ್ ಎಂದರೆ ಅನುಭವ ಮತ್ತು ಮುಂದಿನ ವೃತ್ತಿಗೆ ಬೇಕಾದ ಪ್ರಮಾಣ. ಹುದ್ದೆಗಳ ಸಂಖ್ಯೆ ಪದವೀಧರರ ಸಂಖ್ಯೆಗಿಂತ ಬಹಳ ಹೆಚ್ಚಾಗಿದ್ದುದರಿಂದ ಆಸ್ಪತ್ರೆಗಳ ನಡುವೆಯೇ ಪೈಪೋಟಿ ಹುಟ್ಟಿಕೊಂಡಿತು. ನೆರೆಯ ಆಸ್ಪತ್ರೆಗಿಂತ ಸ್ವಲ್ಪ ಮೊದಲೇ ಕರೆ ಕಳುಹಿಸಿದರೆ ಪ್ರತಿಭಾವಂತರನ್ನು ಸೆಳೆಯಬಹುದೆಂಬ ಲೆಕ್ಕಾಚಾರದಿಂದ ನೇಮಕಾತಿಯ ದಿನಾಂಕವು ವರ್ಷದಿಂದ ವರ್ಷಕ್ಕೆ ಹಿಂದಕ್ಕೆ ಸರಿಯತೊಡಗಿತು. 1940ರ ದಶಕದ ನಡುಭಾಗದ ಹೊತ್ತಿಗೆ ಪದವಿ ಮುಗಿಯಲು ಸುಮಾರು ಎರಡು ವರ್ಷ ಬಾಕಿ ಇರುವಾಗಲೇ ಇಂಟರ್ನ್‌ಷಿಪ್ ನಿಶ್ಚಯವಾಗುತ್ತಿತ್ತು. ಅಂದರೆ ರೋಗಿಯ ಹಾಸಿಗೆಯ ಬಳಿ ಸರಿಯಾಗಿ ನಿಂತೂ ನೋಡದ ವಿದ್ಯಾರ್ಥಿಯನ್ನು ಆಸ್ಪತ್ರೆಯು ಆರಿಸಿಕೊಳ್ಳುತ್ತಿತ್ತು. ಯಾವ ವಿಭಾಗದಲ್ಲಿ ತನಗೆ ಒಲವಿದೆಯೆಂಬುದನ್ನೇ ಅರಿಯದ ವಿದ್ಯಾರ್ಥಿಯು ಆಸ್ಪತ್ರೆಗೆ ಒಪ್ಪಿಗೆ ನೀಡುತ್ತಿದ್ದ. ಫಸಲು ತೆನೆಗಟ್ಟುವ ಮೊದಲೇ ಹೊಲದಲ್ಲಿ ಬೆಲೆ ಕಟ್ಟುವ ವ್ಯಾಪಾರಕ್ಕೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿರಲಿಲ್ಲ.

ಈ ಓಟವನ್ನು ತಡೆಯಲು ವೈದ್ಯಕೀಯ ಕಾಲೇಜುಗಳ ಸಂಘವು 1945ರಲ್ಲಿ ಒಂದು ಸರಳೋಪಾಯವನ್ನು ಕಂಡುಕೊಂಡಿತು. ನಿಗದಿತ ದಿನಾಂಕಕ್ಕೆ ಮೊದಲು ಯಾವ ವಿದ್ಯಾರ್ಥಿಯ ಅಂಕಪಟ್ಟಿಯನ್ನಾಗಲೀ ಶಿಫಾರಸು ಪತ್ರವನ್ನಾಗಲೀ ಕಾಲೇಜುಗಳು ಹೊರಗೆ ಬಿಡಕೂಡದೆಂದು ಅದು ನಿರ್ಣಯಿಸಿತು. ಮಾಹಿತಿಯೇ ಇಲ್ಲದಿದ್ದಾಗ ಕರೆ ಕಳುಹಿಸುವುದು ಹೇಗೆ? ಓಟವೇನೋ ನಿಂತಿತು, ಆದರೆ ಅದರ ಬೆನ್ನಿಗೆ ಇನ್ನೊಂದು ಸಮಸ್ಯೆ ತಲೆದೋರಿತು. ತನ್ನ ಮೂರನೆಯ ಆಯ್ಕೆಯ ಆಸ್ಪತ್ರೆಯಿಂದ ಕರೆ ಬಂದ ವಿದ್ಯಾರ್ಥಿಯು ಮೊದಲನೆಯದರಿಂದ ಬರಬಹುದಾದ ಕರೆಗಾಗಿ ಕಾಯುತ್ತ ಉತ್ತರವನ್ನು ತಡೆಹಿಡಿಯುತ್ತಿದ್ದ. ಅವನ ಉತ್ತರಕ್ಕಾಗಿ ಕಾದ ಆಸ್ಪತ್ರೆಯು ಕೊನೆಯ ಗಳಿಗೆಯಲ್ಲಿ ನಿರಾಕರಣೆಯನ್ನು ಪಡೆದಾಗ, ಅದು ಮುಂದೆ ಕರೆಯಬೇಕೆಂದಿದ್ದ ಅಭ್ಯರ್ಥಿಗಳು ಅಷ್ಟರಲ್ಲಿ ಬೇರೆಡೆಗೆ ಒಪ್ಪಿಕೊಂಡಿರುತ್ತಿದ್ದರು. ಹೀಗಾಗಿ ಆಸ್ಪತ್ರೆಗಳು ಉತ್ತರದ ಅವಧಿಯನ್ನು ಕಡಿಮೆ ಮಾಡಬೇಕೆಂದು ಪಟ್ಟುಹಿಡಿದವು. 1945ರಲ್ಲಿ ವಿದ್ಯಾರ್ಥಿಗೆ ಯೋಚಿಸಲು ಹತ್ತು ದಿನಗಳ ಕಾಲಾವಕಾಶವಿತ್ತು. ಮರುವರ್ಷ ಅದು ಎಂಟು ದಿನಗಳಿಗೆ ಇಳಿಯಿತು.

1949ರ ಪ್ರಸ್ತಾವವು ಈ ಕುಗ್ಗುವಿಕೆಯ ಪರಾಕಾಷ್ಠೆಯೆನ್ನಬಹುದು. ನವೆಂಬರ್ 15ರಂದು ಮಧ್ಯರಾತ್ರಿ ಕಳೆದು ಒಂದು ನಿಮಿಷಕ್ಕೆ ತಂತಿಯ ಮೂಲಕ ಕರೆ ಕಳುಹಿಸಬೇಕು, ಅದೇ ದಿನ ಮಧ್ಯಾಹ್ನ ಹನ್ನೆರಡರವರೆಗೆ ವಿದ್ಯಾರ್ಥಿಗೆ ಉತ್ತರಿಸಲು ಅವಕಾಶವಿರಬೇಕು ಎಂದು ಕಾಲೇಜುಗಳ ಸಂಘವು ಸೂಚಿಸಿತು. ಹನ್ನೆರಡು ಗಂಟೆಗಳ ಈ ಅವಧಿಯೂ ದೀರ್ಘವಾಯಿತೆಂದು ಆಸ್ಪತ್ರೆಗಳ ಸಂಘವು ಅದನ್ನು ತಿರಸ್ಕರಿಸಿತು. ಕೊನೆಗೆ ಒಪ್ಪಿತವಾದ ನಿರ್ಣಯದಲ್ಲಿ ಕಾಯುವ ಅವಧಿಯೆಂಬುದು ಕಡ್ಡಾಯವಲ್ಲವೆಂದೂ ತಂತಿಗಳನ್ನು ಮುಂಚಿತವಾಗಿಯೇ ಕಚೇರಿಯಲ್ಲಿ ಸಲ್ಲಿಸಿಟ್ಟು ಸರಿಯಾದ ನಿಮಿಷಕ್ಕೆ ತಲಪಿಸಬಹುದೆಂದೂ ನಮೂದಾಯಿತು. 1950ರಲ್ಲಿ ಹನ್ನೆರಡು ಗಂಟೆಗಳ ಅವಧಿಯು ಮರಳಿ ಬಂದಿತಾದರೂ, ಆ ಅವಧಿಯೊಳಗೆ ತಂತಿಯ ಬೆನ್ನಿಗೆ ದೂರವಾಣಿ ಕರೆ ಮಾಡಿ ವಿದ್ಯಾರ್ಥಿಯನ್ನು ಒತ್ತಾಯಿಸಬಾರದೆಂಬ ನಿಷೇಧವನ್ನೂ ಸೇರಿಸಬೇಕಾಯಿತು. ನಿಯಮದಲ್ಲಿ ಯಾವುದನ್ನು ನಿಷೇಧಿಸಲಾಗಿದೆಯೋ ಅದು ಅದುವರೆಗೆ ನಡೆಯುತ್ತಿತ್ತೆಂಬುದು ಶಾಸನಗಳನ್ನು ಓದಿ ಬಲ್ಲವರಿಗೆ ಹೊಸ ಮಾತಲ್ಲ. ನಾಲ್ಕು ವರ್ಷಗಳ ವಿದ್ಯಾಭ್ಯಾಸದ ಫಲವನ್ನು ಒಂದು ರಾತ್ರಿಯ ನಿದ್ದೆಗೆಡುವಿಕೆಯಲ್ಲಿ ತೀರ್ಮಾನಿಸಬೇಕಾದ ಪರಿಸ್ಥಿತಿಯು ಎಲ್ಲರಿಗೂ ಅಸಹನೀಯವಾಗಿತ್ತು.

ದಿನಾಂಕಗಳ ನಿಯಂತ್ರಣದಿಂದ ಕೆಲಸವಾಗದೆಂದು ಮನಗಂಡವರಲ್ಲಿ ವೈದ್ಯಕೀಯ ಶಿಕ್ಷಕ ಎಫ್. ಜೆ. ಮುಲ್ಲಿನ್ ಮತ್ತು ಕಾಲೇಜುಗಳ ಸಂಘದ ಅಧ್ಯಯನ ವಿಭಾಗದಲ್ಲಿದ್ದ ಜಾನ್ ಸ್ಟಾಲ್ನೇಕರ್ ಪ್ರಮುಖರು. ಕರೆ, ಉತ್ತರ, ನಿರಾಕರಣೆ, ಮರುಕರೆ ಎಂಬ ಸರಣಿಯನ್ನು ಮನುಷ್ಯರು ನಡೆಸುವ ಬದಲು, ಎರಡೂ ಪಕ್ಷದವರ ಆದ್ಯತಾ ಪಟ್ಟಿಗಳನ್ನು ಒಂದೆಡೆ ಸಂಗ್ರಹಿಸಿ ರಂಧ್ರಪತ್ರಗಳನ್ನು ವಿಂಗಡಿಸುವ ಯಂತ್ರಗಳ ಮೂಲಕ ಹೊಂದಾಣಿಕೆ ಮಾಡಬಹುದೆಂಬುದು ಅವರ ಯೋಜನೆಯ ತಿರುಳು. 1950-51ರ ಸಾಲಿನಲ್ಲಿ ಇದರ ಪ್ರಾಯೋಗಿಕ ಪರೀಕ್ಷೆ ನಡೆಯಿತು. ನೇಮಕಾತಿಯು ಎಂದಿನಂತೆ ನಡೆದರೂ ಪಟ್ಟಿಗಳನ್ನು ಪಡೆದು ಕಾಗದದ ಮೇಲೆ ಹೊಂದಾಣಿಕೆಯನ್ನು ಮಾಡಿ ನೋಡಲಾಯಿತು. ಫಲಿತಾಂಶದಿಂದ ಉತ್ಸಾಹಗೊಂಡ ಸಂಘಟನೆಗಳು ಮುಂದಿನ ವರ್ಷ ಅದನ್ನು ನಿಜವಾಗಿಯೇ ಜಾರಿಗೆ ತರಲು ನಿರ್ಧರಿಸಿದವು.

ಇಲ್ಲಿಯೇ ಈ ಇತಿಹಾಸದ ಅತ್ಯಂತ ಸ್ವಾರಸ್ಯಕರವಾದ ಘಟ್ಟವು ಬರುತ್ತದೆ. ಯೋಜನೆಯ ವಿವರಗಳು ಪ್ರಕಟವಾದಾಗ ಅದರಲ್ಲಿದ್ದ ದೋಷವನ್ನು ಕಂಡುಹಿಡಿದವರು ತಜ್ಞರಲ್ಲ, ವಿದ್ಯಾರ್ಥಿಗಳು. ಆಸ್ಪತ್ರೆ ಮತ್ತು ವಿದ್ಯಾರ್ಥಿ ಪರಸ್ಪರ ನೀಡಿದ ಸ್ಥಾನಗಳನ್ನು ಜೋಡಿಸಿ ನಿಗದಿತ ಸರದಿಯಲ್ಲಿ ಹುದ್ದೆಗಳನ್ನು ಭರ್ತಿ ಮಾಡುತ್ತ ಹೋಗುವ ಆ ವಿಧಾನದಲ್ಲಿ, ದೊರೆಯುವುದು ಕಷ್ಟವಾದ ಆಸ್ಪತ್ರೆಯನ್ನು ಮೊದಲ ಸ್ಥಾನದಲ್ಲಿ ಬರೆದ ವಿದ್ಯಾರ್ಥಿಯು ಅದನ್ನು ಕಳೆದುಕೊಂಡರೆ, ಎರಡನೆಯ ಸ್ಥಾನದಲ್ಲಿ ಬರೆದ ಆಸ್ಪತ್ರೆಯೂ ಕೈತಪ್ಪುವ ಸಂಭವವಿತ್ತು. ಆ ಎರಡನೆಯ ಆಸ್ಪತ್ರೆಯನ್ನೇ ಮೊದಲು ಬರೆದಿದ್ದರೆ ಅದು ಅವನಿಗೆ ದೊರೆಯುತ್ತಿತ್ತು. ಎಂದರೆ ಸತ್ಯವನ್ನು ಬರೆದವನಿಗೆ ದಂಡ. 1951ರಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆಯ ವಿದ್ಯಾರ್ಥಿಯಾಗಿದ್ದು, ಮುಂದೆ ಮಕ್ಕಳ ಶಸ್ತ್ರಚಿಕಿತ್ಸೆಯಲ್ಲಿ ವಿಶ್ವವಿಖ್ಯಾತರಾದ ಹಾರ್ಡಿ ಹೆಂಡ್ರನ್ ಅವರ ಮುಂದಾಳುತನದಲ್ಲಿ ವಿದ್ಯಾರ್ಥಿಗಳು ರಾಷ್ಟ್ರಮಟ್ಟದ ಸಮಿತಿಯೊಂದನ್ನು ಕಟ್ಟಿದರು. ಅವರು ಯೋಜನೆಯನ್ನು ಬಹಿಷ್ಕರಿಸಿ ಸುಮ್ಮನಾಗಲಿಲ್ಲ. ಪರ್ಯಾಯವಾಗಿ 'ಬಾಸ್ಟನ್ ಪೂಲ್' ಎಂಬ ಹೆಸರಿನ ವಿಧಾನವನ್ನು ಮುಂದಿಟ್ಟರು. ಕೇಂದ್ರ ಸಮಿತಿಯು ವಾದವಿವಾದಗಳ ನಂತರ ಅದನ್ನು ಅಂಗೀಕರಿಸಿತು. 1952ರ ಏಪ್ರಿಲ್‌ನಲ್ಲಿ ಮೊದಲ ಅಧಿಕೃತ ಹೊಂದಾಣಿಕೆಯು ನಡೆದದ್ದು ಈ ಪರಿಷ್ಕೃತ ವಿಧಾನದಲ್ಲಿ. ಭಾಗವಹಿಸುವಿಕೆಯು ಸ್ವಯಂಪ್ರೇರಿತವಾಗಿದ್ದರೂ ಅರ್ಹರಲ್ಲಿ ಶೇಕಡ 95ರಷ್ಟು ಮಂದಿ ಇದರ ಮೂಲಕವೇ ಹುದ್ದೆ ಪಡೆಯುವ ಪರಿಪಾಠವು ಬಹು ಬೇಗ ನೆಲೆಯೂರಿತು. ಮಧ್ಯರಾತ್ರಿಯ ತಂತಿಗಳು ಅಲ್ಲಿಗೆ ನಿಂತವು.

ಹೊಸ ವಿಧಾನದ ಕ್ರಮವನ್ನು ಸರಳವಾಗಿ ಹೀಗೆ ವಿವರಿಸಬಹುದು. ಪ್ರತಿಯೊಂದು ಆಸ್ಪತ್ರೆಯೂ ತನ್ನಲ್ಲಿರುವ ಹುದ್ದೆಗಳ ಸಂಖ್ಯೆಗೆ ಸರಿಯಾಗಿ ತನ್ನ ಪಟ್ಟಿಯ ಅಗ್ರಸ್ಥಾನದಲ್ಲಿರುವವರಿಗೆ ಕರೆ ಕಳುಹಿಸಿದಂತೆ ಭಾವಿಸಲಾಗುತ್ತದೆ. ಒಂದಕ್ಕಿಂತ ಹೆಚ್ಚು ಕರೆ ಪಡೆದ ವಿದ್ಯಾರ್ಥಿಯು ತನ್ನ ಪಟ್ಟಿಯಲ್ಲಿ ಮೇಲಿರುವುದನ್ನು ಹಿಡಿದಿಟ್ಟುಕೊಂಡು ಉಳಿದವನ್ನು ಬಿಡುತ್ತಾನೆ. ನಿರಾಕೃತವಾದ ಆಸ್ಪತ್ರೆಯು ತನ್ನ ಪಟ್ಟಿಯಲ್ಲಿ ಒಂದು ಮೆಟ್ಟಿಲು ಕೆಳಗಿಳಿದು ಮುಂದಿನವನನ್ನು ಕರೆಯುತ್ತದೆ. ವಿದ್ಯಾರ್ಥಿಯು ಹಿಡಿದಿಟ್ಟ ಕರೆಯು ಅಂತಿಮವಲ್ಲ; ಮುಂದಿನ ಸುತ್ತಿನಲ್ಲಿ ಅದಕ್ಕಿಂತ ಉತ್ತಮವಾದುದು ಬಂದರೆ ಹಿಂದಿನದನ್ನು ಕೈಬಿಡಲು ಅವನು ಸ್ವತಂತ್ರ. ಹೊಸ ಕರೆಗಳು ಹುಟ್ಟದ ಘಟ್ಟದಲ್ಲಿ ಕ್ರಿಯೆಯು ಮುಗಿಯುತ್ತದೆ. ಆಗ ದೊರೆತ ಹಂಚಿಕೆಯಲ್ಲಿ, ತಮಗೆ ಸಿಕ್ಕಿದ ಜೊತೆಗಿಂತ ಪರಸ್ಪರರನ್ನೇ ಹೆಚ್ಚಾಗಿ ಬಯಸುವ ವಿದ್ಯಾರ್ಥಿ ಮತ್ತು ಆಸ್ಪತ್ರೆಯ ಜೋಡಿ ಎಲ್ಲಿಯೂ ಉಳಿಯುವುದಿಲ್ಲ. ಆದುದರಿಂದ ಏರ್ಪಾಡಿನ ಬೆನ್ನ ಹಿಂದೆ ಕೈಕುಲುಕುವ ಆಮಿಷವೂ ಉಳಿಯುವುದಿಲ್ಲ. ಈ ಗುಣವನ್ನೇ ಶಾಸ್ತ್ರಜ್ಞರು 'ಸ್ಥಿರತೆ' ಎಂದು ಕರೆದರು.

ಕಾರ್ಯಕ್ಷೇತ್ರದಲ್ಲಿ ಬಳಕೆಗೆ ಬಂದ ಹತ್ತು ವರ್ಷಗಳ ಬಳಿಕ ಈ ತತ್ತ್ವಕ್ಕೆ ಗಣಿತದ ರೂಪ ದೊರೆಯಿತು. 1962ರಲ್ಲಿ ಡೇವಿಡ್ ಗೇಲ್ ಮತ್ತು ಲಾಯ್ಡ್ ಶೇಪ್ಲಿ ಅಮೆರಿಕದ ಗಣಿತ ಮಾಸಿಕವೊಂದರಲ್ಲಿ ಕಾಲೇಜು ಪ್ರವೇಶ ಮತ್ತು ವಿವಾಹದ ಸ್ಥಿರತೆಯನ್ನು ಕುರಿತ ಒಂದು ಪುಟ್ಟ ಲೇಖನವನ್ನು ಪ್ರಕಟಿಸಿದರು. ಗಂಡು ಹೆಣ್ಣುಗಳು ತಮ್ಮ ತಮ್ಮ ಆದ್ಯತೆಯ ಪಟ್ಟಿಗಳನ್ನು ಕೊಟ್ಟರೆ ಸ್ಥಿರವಾದ ಜೋಡಣೆಯು ಯಾವಾಗಲೂ ಸಾಧ್ಯವೆಂದು ಅವರು ಸಾಧಿಸಿ ತೋರಿಸಿದರು. ಕನ್ನಡದ ಓದುಗರಿಗೆ ವಿವಾಹದ ಹೊಂದಾಣಿಕೆ ಎಂದೊಡನೆ ಸಾಲಾವಳಿ ನೆನಪಾಗುವುದು ಸಹಜ. ಅಲ್ಲಿ ನಕ್ಷತ್ರಗಳು ಕೂಡಿಬರಬೇಕು, ಇಲ್ಲಿ ಎಣಿಕೆಗೆ ಬರುವುದು ವಧೂವರರ ಇಷ್ಟವೊಂದೇ. ಆಸ್ಪತ್ರೆಗಳ ಹೊಂದಾಣಿಕೆ ವ್ಯವಸ್ಥೆಯು ಅದೇ ತರ್ಕವನ್ನು ಅನುಸರಿಸುತ್ತಿತ್ತೆಂಬ ಸಂಗತಿಯು ಗೇಲ್ ಅವರ ಗಮನಕ್ಕೆ ಬಂದದ್ದು 1970ರ ದಶಕದಲ್ಲಿ. ಅದನ್ನು ಸಾಕ್ಷ್ಯಸಹಿತವಾಗಿ ಸ್ಥಾಪಿಸಿದವರು ಅರ್ಥಶಾಸ್ತ್ರಜ್ಞ ಆಲ್ವಿನ್ ರೋತ್. ಅವರ ಲೇಖನವು 1984ರಲ್ಲಿ ಪ್ರಕಟವಾಯಿತು. ಶೇಪ್ಲಿ ಮತ್ತು ರೋತ್ ಅವರಿಗೆ 2012ರ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರವು ಸಂದಿತು. ಗೇಲ್ 2008ರಲ್ಲಿ ತೀರಿಕೊಂಡಿದ್ದರು.

ಸ್ಥಿರತೆಯೇ ಈ ವ್ಯವಸ್ಥೆಯ ಬಾಳಿಕೆಗೆ ಕಾರಣವೆಂಬುದನ್ನು ಅಮೆರಿಕದ ಉದಾಹರಣೆಯೊಂದರಿಂದಲೇ ಹೇಳಿಬಿಟ್ಟರೆ ಅದು ಊಹೆಯಾಗಿಯೇ ಉಳಿಯುತ್ತಿತ್ತು. ಬ್ರಿಟನ್ನಿನ ಅನುಭವವು ಅದಕ್ಕೆ ಒರೆಗಲ್ಲಾಯಿತು. 1960ರ ದಶಕದಲ್ಲಿ ಅಲ್ಲಿಯೂ ಇಂಟರ್ನ್‌ಷಿಪ್‌ಗೆ ಸಮಾನವಾದ ಹುದ್ದೆಗಳ ವಿಷಯದಲ್ಲಿ ಇಂಥದೇ ಓಟವು ತಲೆದೋರಿತ್ತು. ಪರಿಹಾರವಾಗಿ ಎಡಿನ್‌ಬರೊ, ಕಾರ್ಡಿಫ್, ನ್ಯೂಕ್ಯಾಸಲ್, ಬರ್ಮಿಂಗ್‌ಹ್ಯಾಮ್, ಶೆಫೀಲ್ಡ್ ಮುಂತಾದ ಕೇಂದ್ರಗಳು ತಮ್ಮ ತಮ್ಮ ಹೊಂದಾಣಿಕೆ ವ್ಯವಸ್ಥೆಗಳನ್ನು ಪ್ರತ್ಯೇಕವಾಗಿ ರಚಿಸಿಕೊಂಡವು. ಒಂದೇ ವೃತ್ತಿ, ಒಂದೇ ದೇಶ, ಬೇರೆ ಬೇರೆ ವಿಧಾನಗಳು. ಸಮಾಜಶಾಸ್ತ್ರದ ಸಂಶೋಧಕನು ಪ್ರಯೋಗವನ್ನು ತಾನೇ ಯೋಜಿಸಿದ್ದರೂ ಇದಕ್ಕಿಂತ ಚೆನ್ನಾಗಿ ಯೋಜಿಸಲಾರ.

ನ್ಯೂಕ್ಯಾಸಲ್ ಮತ್ತು ಬರ್ಮಿಂಗ್‌ಹ್ಯಾಮ್‌ಗಳು ಅನುಸರಿಸಿದ ವಿಧಾನವು ಗುಣಾಕಾರದ್ದು. ವಿದ್ಯಾರ್ಥಿಯು ಆಸ್ಪತ್ರೆಗೆ ನೀಡಿದ ಸ್ಥಾನವನ್ನು ಆಸ್ಪತ್ರೆಯು ವಿದ್ಯಾರ್ಥಿಗೆ ನೀಡಿದ ಸ್ಥಾನದಿಂದ ಗುಣಿಸಿ, ಕಡಿಮೆ ಗುಣಲಬ್ಧ ಬಂದ ಜೋಡಿಗೆ ಮೊದಲು ಮಂಜೂರಾತಿ ಕೊಡುವುದು ಅದರ ಕ್ರಮ. ಕೇಳಲು ಇದು ನ್ಯಾಯೋಚಿತವೆನಿಸುತ್ತದೆ. ಆದರೆ ಪರಸ್ಪರ ನಾಲ್ಕನೆಯ ಸ್ಥಾನವನ್ನು ಕೊಟ್ಟುಕೊಂಡ ಜೋಡಿಯ ಗುಣಲಬ್ಧ 16. ಆ ಆಸ್ಪತ್ರೆಯನ್ನು ಮೊದಲನೆಯದಾಗಿ ಬರೆದ, ಆಸ್ಪತ್ರೆಯ ಪಟ್ಟಿಯಲ್ಲಿ ಹದಿನೈದನೆಯವನಾದ ಇನ್ನೊಬ್ಬನ ಗುಣಲಬ್ಧ 15. ಹುದ್ದೆಯು ಹದಿನೈದನೆಯವನಿಗೆ ಹೋಗುತ್ತದೆ. ತಾನು ನಾಲ್ಕನೆಯವನೆಂದು ಮೆಚ್ಚಿದ ಅಭ್ಯರ್ಥಿಯನ್ನು ಆಸ್ಪತ್ರೆಯು ಕಳೆದುಕೊಳ್ಳುತ್ತದೆ. ಆ ಅಭ್ಯರ್ಥಿಯು ತನ್ನ ಮೊದಲ ಮೂರು ಆಯ್ಕೆಗಳು ತಪ್ಪಿದ ಬಳಿಕ ನಾಲ್ಕನೆಯದನ್ನೂ ಕಳೆದುಕೊಳ್ಳುತ್ತಾನೆ. ಈ ಲೆಕ್ಕವನ್ನು ಅರಿಯಲು ವಿದ್ಯಾರ್ಥಿಗಳಿಗೂ ಆಸ್ಪತ್ರೆಯ ಹಿರಿಯ ವೈದ್ಯರಿಗೂ ಹೆಚ್ಚು ಕಾಲ ಬೇಕಾಗಲಿಲ್ಲ. ಇಬ್ಬರೂ ಮೊದಲೇ ಮಾತನಾಡಿಕೊಂಡು ಪರಸ್ಪರರ ಹೆಸರನ್ನು ಮೊದಲ ಸ್ಥಾನದಲ್ಲಿ ಬರೆದುಬಿಟ್ಟರೆ ಗುಣಲಬ್ಧ ಒಂದು. ಬೇರೆ ಯಾರೂ ಅದನ್ನು ಮುಟ್ಟಲಾರರು. ಕ್ರಮೇಣ ನ್ಯೂಕ್ಯಾಸಲ್‌ನಲ್ಲಿ ಸಲ್ಲಿಕೆಯಾಗುತ್ತಿದ್ದ ಪಟ್ಟಿಗಳಲ್ಲಿ ಬಹುಪಾಲು ಒಂದೇ ಒಂದು ಹೆಸರಿನ ಪಟ್ಟಿಗಳಾದವು. ಪಟ್ಟಿಯೆಂಬುದು ನಾಮಮಾತ್ರವಾಗಿ, ಹಳೆಯ ಓಟವು ಅದರ ಒಳಗಡೆಯೇ ಮತ್ತೆ ಹುಟ್ಟಿತು. ವ್ಯವಸ್ಥೆಯನ್ನು ಕೈಬಿಡಬೇಕಾಯಿತು. ಬರ್ಮಿಂಗ್‌ಹ್ಯಾಮ್ ಮತ್ತು ಶೆಫೀಲ್ಡ್‌ಗಳಲ್ಲಿಯೂ ಏರ್ಪಾಡುಗಳು ಉಳಿಯಲಿಲ್ಲ. ಎಡಿನ್‌ಬರೊದಲ್ಲಿ 1967ರ ಮೊದಲ ವಿಧಾನವು ವಿಫಲವಾಗಿ 1969ರಲ್ಲಿ ಬಂದ ಸ್ಥಿರ ವಿಧಾನವು ಬಾಳಿತು, ಕಾರ್ಡಿಫ್‌ನದೂ ಹಾಗೆಯೇ.

ಈ ನಿಯಮಕ್ಕೆ ಅಪವಾದಗಳಿಲ್ಲದೆ ಇಲ್ಲ. ಕೇಂಬ್ರಿಜ್ ಮತ್ತು ಲಂಡನ್ ಹಾಸ್ಪಿಟಲ್‌ನ ವಿಧಾನಗಳು ಸ್ಥಿರವಲ್ಲದಿದ್ದರೂ ಮುರಿದುಬೀಳಲಿಲ್ಲವೆಂಬುದನ್ನು 1991ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ರೋತ್ ಮರೆಮಾಚದೆ ದಾಖಲಿಸಿದ್ದಾರೆ. ಅವು ಚಿಕ್ಕ ವಲಯಗಳು. ಒಂದೇ ಸಂಸ್ಥೆಯ ಸುತ್ತ ಎಲ್ಲರೂ ಎಲ್ಲರನ್ನೂ ಬಲ್ಲವರು. ಮುಖಪರಿಚಯ ಮತ್ತು ದಾಕ್ಷಿಣ್ಯಗಳು ಅಲ್ಲಿ ನಿಯಮದ ಕೊರತೆಯನ್ನು ತುಂಬಿದವೆಂಬ ವಿವರಣೆಯು ಒಪ್ಪತಕ್ಕದ್ದಾಗಿದೆ.

ಅಮೆರಿಕದ ವ್ಯವಸ್ಥೆಗೆ 1970ರ ದಶಕದಲ್ಲಿ ಎದುರಾದ ತೊಡಕು ಬೇರೆ ಬಗೆಯದು. ವೈದ್ಯಕೀಯ ಕಾಲೇಜುಗಳಲ್ಲಿ ಮಹಿಳೆಯರ ಸಂಖ್ಯೆ ಏರಿದಂತೆಲ್ಲ ಪರಸ್ಪರ ವಿವಾಹವಾದ ವಿದ್ಯಾರ್ಥಿ ದಂಪತಿಗಳೂ ಹೆಚ್ಚಿದರು. ಗಂಡನಿಗೆ ಬಾಸ್ಟನ್ನಿನಲ್ಲೂ ಹೆಂಡತಿಗೆ ಚಿಕಾಗೋದಲ್ಲೂ ಅತ್ಯುತ್ತಮ ಹುದ್ದೆ ದೊರೆತರೆ ಯಂತ್ರದ ದೃಷ್ಟಿಯಲ್ಲಿ ಅದು ಯಶಸ್ಸು, ಮನೆಯ ದೃಷ್ಟಿಯಲ್ಲಿ ವಿರಹ. ಆರಂಭದ ಪರಿಹಾರದಲ್ಲಿ ದಂಪತಿಗಳು ತಮ್ಮಲ್ಲೊಬ್ಬರನ್ನು 'ಮುಂದಿನವರು' ಎಂದು ಸೂಚಿಸಬೇಕಿತ್ತು. ಅವರಿಗೆ ಹುದ್ದೆ ನಿಶ್ಚಯವಾದ ಬಳಿಕ ಇನ್ನೊಬ್ಬರ ಪಟ್ಟಿಯಿಂದ ದೂರದ ಊರುಗಳನ್ನು ತೆಗೆದುಹಾಕಲಾಗುತ್ತಿತ್ತು. ಇದರಿಂದ ತೃಪ್ತರಾಗದ ಅನೇಕರು ವ್ಯವಸ್ಥೆಯಿಂದ ಹೊರಗೆ ನಿಂತು ತಾವೇ ಆಸ್ಪತ್ರೆಗಳೊಡನೆ ಮಾತುಕತೆ ನಡೆಸಿಕೊಂಡರು. 1983ರಿಂದ ದಂಪತಿಗಳು ಹುದ್ದೆಗಳ ಜೋಡಿಗಳನ್ನೇ ಆದ್ಯತೆಯ ಕ್ರಮದಲ್ಲಿ ಬರೆಯುವ ಅವಕಾಶವು ದೊರೆಯಿತು. ಆದರೆ ದಂಪತಿಗಳು ಸೇರಿದೊಡನೆ ಸ್ಥಿರವಾದ ಹೊಂದಾಣಿಕೆಯು ಇದ್ದೇ ಇರುವುದೆಂಬ ಭರವಸೆಯು ತಪ್ಪಿಹೋಗುತ್ತದೆಂದು ರೋತ್ ತೋರಿಸಿಕೊಟ್ಟರು. ವ್ಯವಹಾರದಲ್ಲಿ ಮಾತ್ರ ಅಂಥ ಹೊಂದಾಣಿಕೆಯು ವರ್ಷ ವರ್ಷವೂ ದೊರೆಯುತ್ತ ಬಂದಿದೆ.

ಗ್ರಾಮೀಣ ಆಸ್ಪತ್ರೆಗಳ ದೂರು ಇದಕ್ಕಿಂತ ಹಳೆಯದು. ನಗರಗಳ ದೊಡ್ಡ ಬೋಧನಾ ಆಸ್ಪತ್ರೆಗಳು ತುಂಬಿ ತುಳುಕುವಾಗ ಒಳನಾಡಿನ ಆಸ್ಪತ್ರೆಗಳ ಹುದ್ದೆಗಳು ಖಾಲಿ ಉಳಿಯುತ್ತಿದ್ದವು. ವಿಧಾನವನ್ನು ಸ್ವಲ್ಪ ಮಾರ್ಪಡಿಸಿದರೆ ಅವುಗಳಿಗೆ ನ್ಯಾಯ ದೊರೆಯಬಹುದೆಂಬ ಬೇಡಿಕೆಗೆ 1986ರ ಒಂದು ಪ್ರಮೇಯವು ಕಠೋರವಾದ ಉತ್ತರವನ್ನು ನೀಡಿತು. ಒಂದು ಸ್ಥಿರ ಹೊಂದಾಣಿಕೆಯಲ್ಲಿ ತನ್ನ ಹುದ್ದೆಗಳನ್ನು ಪೂರ್ತಿ ತುಂಬಿಕೊಳ್ಳಲಾಗದ ಆಸ್ಪತ್ರೆಯು, ಅವೇ ಪಟ್ಟಿಗಳಿಂದ ಸಿದ್ಧವಾಗುವ ಬೇರೆ ಯಾವ ಸ್ಥಿರ ಹೊಂದಾಣಿಕೆಯಲ್ಲಿಯೂ ಅದೇ ಅಭ್ಯರ್ಥಿಗಳನ್ನೇ ಪಡೆಯುತ್ತದೆ. ಒಬ್ಬರೂ ಹೆಚ್ಚಿಲ್ಲ, ಒಬ್ಬರೂ ಬದಲಿಲ್ಲ. ಆದ್ಯತಾ ಪಟ್ಟಿಯಲ್ಲಿ ಬರೆಯದ ಊರನ್ನು ಗಣಿತವು ಬರೆದುಕೊಡಲಾರದು. ಜಪಾನು 2003ರಲ್ಲಿ ಇದೇ ಬಗೆಯ ಹೊಂದಾಣಿಕೆಯನ್ನು ಆರಂಭಿಸಿದಾಗ ವೈದ್ಯರು ಮಹಾನಗರಗಳತ್ತ ಸರಿಯತೊಡಗಿದರೆಂಬ ಆತಂಕವು ವ್ಯಕ್ತವಾಗಿ, 2009ರಲ್ಲಿ ಪ್ರತಿ ಪ್ರಾಂತಕ್ಕೂ ಹುದ್ದೆಗಳ ಗರಿಷ್ಠ ಮಿತಿಯನ್ನು ಹೇರಬೇಕಾಯಿತು. ಅದು ಪಟ್ಟಿಯ ತಿದ್ದುಪಡಿಯಲ್ಲ, ಪಟ್ಟಿಯ ಹೊರಗಿನಿಂದ ಬಂದ ಸರಕಾರದ ಕೈ.

ವ್ಯವಸ್ಥೆಯ ವಿಶ್ವಾಸಾರ್ಹತೆಯನ್ನೇ ಅಲುಗಿಸಿದ ವಿವಾದವು 1990ರ ದಶಕದ ನಡುವಿನದು. ಕರೆ ಕಳುಹಿಸುವ ಪಕ್ಷ ಯಾವುದೆಂಬುದರ ಮೇಲೆ ಫಲಿತಾಂಶವು ಬದಲಾಗಬಹುದೆಂಬುದು ಗೇಲ್ ಮತ್ತು ಶೇಪ್ಲಿಯವರ ಲೇಖನದಿಂದಲೇ ಸ್ಪಷ್ಟವಾಗಿತ್ತು. 'ಅ' ಮತ್ತು 'ಆ' ಎಂಬ ಇಬ್ಬರು ವಿದ್ಯಾರ್ಥಿಗಳೂ 'ಕ' ಮತ್ತು 'ಖ' ಎಂಬ ಎರಡು ಆಸ್ಪತ್ರೆಗಳೂ ಇವೆಯೆಂದು ಭಾವಿಸೋಣ. 'ಅ' ಮೊದಲು ಬಯಸುವುದು 'ಕ'ವನ್ನು, 'ಆ' ಬಯಸುವುದು 'ಖ'ವನ್ನು. ಆದರೆ 'ಕ' ಆಸ್ಪತ್ರೆಗೆ 'ಆ' ಮೇಲು, 'ಖ' ಆಸ್ಪತ್ರೆಗೆ 'ಅ' ಮೇಲು. ಆಸ್ಪತ್ರೆಗಳು ಕರೆ ಕಳುಹಿಸಿದರೆ ಎರಡೂ ಆಸ್ಪತ್ರೆಗಳಿಗೆ ಅವುಗಳ ಮೊದಲ ಆಯ್ಕೆ ದೊರೆತು ವಿದ್ಯಾರ್ಥಿಗಳಿಬ್ಬರೂ ಎರಡನೆಯ ಆಯ್ಕೆಗೆ ತೃಪ್ತರಾಗಬೇಕು. ವಿದ್ಯಾರ್ಥಿಗಳು ಅರ್ಜಿ ಹಾಕುವಂತೆ ಕ್ರಮವನ್ನು ತಿರುಗಿಸಿದರೆ ಫಲಿತಾಂಶವೂ ತಿರುಗುತ್ತದೆ. ಎರಡೂ ಸ್ಥಿರ. 1952ರಿಂದ ನಡೆದುಬಂದದ್ದು ಮೊದಲನೆಯದು. ಅಷ್ಟೇ ಅಲ್ಲದೆ, ಆಸ್ಪತ್ರೆಗಳು ಕರೆ ಕಳುಹಿಸುವ ಕ್ರಮದಲ್ಲಿ 'ಅ' ತನ್ನ ಪಟ್ಟಿಯಲ್ಲಿ 'ಕ'ವೊಂದನ್ನೇ ಬರೆದು 'ಖ'ವನ್ನು ಬಿಟ್ಟರೆ, 'ಖ' ಆಸ್ಪತ್ರೆಯು 'ಆ'ನತ್ತ ತಿರುಗಿ, 'ಆ' ತನ್ನಲ್ಲಿದ್ದ 'ಕ'ವನ್ನು ಕೈಬಿಟ್ಟು, ಕೊನೆಗೆ 'ಕ' ಆಸ್ಪತ್ರೆಯು 'ಅ'ನಿಗೇ ಕರೆ ಕಳುಹಿಸುತ್ತದೆ. ಪಟ್ಟಿಯನ್ನು ಮೊಟಕುಗೊಳಿಸಿದವನಿಗೆ ಲಾಭ! ವಿದ್ಯಾರ್ಥಿಗಳು ತಮ್ಮ ನಿಜವಾದ ಆದ್ಯತೆಯನ್ನೇ ಬರೆಯಬೇಕು, ಅದರಿಂದ ನಷ್ಟವಿಲ್ಲ ಎಂದು ನಾಲ್ಕು ದಶಕಗಳ ಕಾಲ ಉಪದೇಶಿಸಲಾಗಿತ್ತು. ಆ ಉಪದೇಶವು ಶಾಸ್ತ್ರೀಯವಾಗಿ ಪೂರ್ಣ ಸತ್ಯವಲ್ಲವೆಂಬುದು ಬಯಲಾದಾಗ ವೈದ್ಯಕೀಯ ವಿದ್ಯಾರ್ಥಿಗಳ ಸಂಘವೂ ಗ್ರಾಹಕ ಹಿತರಕ್ಷಣೆಯ ಸಂಸ್ಥೆಯೊಂದೂ ಬದಲಾವಣೆಗೆ ಒತ್ತಾಯಿಸಿದವು.

1995ರಲ್ಲಿ ಹೊಂದಾಣಿಕೆ ಸಂಸ್ಥೆಯು ಹೊಸ ವಿಧಾನದ ರಚನೆಯನ್ನು ರೋತ್ ಅವರಿಗೆ ವಹಿಸಿತು. ಟೊರಾಂಟೊದ ಎಲಿಯಟ್ ಪೆರಾನ್ಸನ್ ಅವರೊಡನೆ ಸೇರಿ ಅವರು ವಿದ್ಯಾರ್ಥಿಗಳ ಕಡೆಯಿಂದ ಆರಂಭವಾಗುವ, ದಂಪತಿಗಳನ್ನೂ ಒಳಗೊಳ್ಳುವ ವಿಧಾನವೊಂದನ್ನು ರೂಪಿಸಿದರು. 1997ರಲ್ಲಿ ಅಂಗೀಕೃತವಾದ ಇದು 1998ರ ಹೊಂದಾಣಿಕೆಯಿಂದ ಬಳಕೆಗೆ ಬಂದಿತು. ಹಿಂದಿನ ವರ್ಷಗಳ ನಿಜವಾದ ಪಟ್ಟಿಗಳನ್ನು ಎರಡೂ ವಿಧಾನಗಳಲ್ಲಿ ನಡೆಸಿ ನೋಡಿದಾಗ, ಸಾವಿರಕ್ಕೆ ಒಬ್ಬ ಅಭ್ಯರ್ಥಿಯ ಫಲಿತಾಂಶವಷ್ಟೇ ಬದಲಾಯಿತೆಂಬುದು ಅವರ ಅಧ್ಯಯನದ ಅನಿರೀಕ್ಷಿತ ಫಲ. ಪ್ರತಿಯೊಬ್ಬನೂ ಸಂದರ್ಶನಕ್ಕೆ ಹೋದ ಕೆಲವೇ ಆಸ್ಪತ್ರೆಗಳನ್ನು ಬರೆಯುವುದರಿಂದ ಎರಡು ವಿಧಾನಗಳ ನಡುವಿನ ಅಂತರಕ್ಕೆ ಎಡೆಯೇ ಉಳಿಯುವುದಿಲ್ಲವೆಂಬುದು ಅದಕ್ಕೆ ಕೊಟ್ಟ ಕಾರಣ. ಹಾಗಾದರೆ ಹೋರಾಟವು ವ್ಯರ್ಥವೇ ಎಂದು ಕೇಳಬಹುದು. ಬದಲಾವಣೆಯ ಬಳಿಕ ನಿಜವನ್ನೇ ಬರೆಯಿರಿ ಎಂಬ ಸಲಹೆಯು ದಂಪತಿಗಳಂಥ ವಿಶೇಷ ಸಂದರ್ಭಗಳ ಹೊರತು ಪ್ರಮೇಯದ ಬೆಂಬಲವುಳ್ಳ ಮಾತಾಯಿತೆಂಬುದನ್ನು ಕಡೆಗಣಿಸಲಾಗದು.

ಇದೇ ವಿಧಾನವು ಮನೋವಿಜ್ಞಾನದ ಡಾಕ್ಟೊರೇಟ್ ವಿದ್ಯಾರ್ಥಿಗಳ ಇಂಟರ್ನ್‌ಷಿಪ್‌ಗೂ 1999ರಲ್ಲಿ ವಿಸ್ತರಿಸಿತು. ಅದುವರೆಗೆ ಆ ಕ್ಷೇತ್ರದಲ್ಲಿ ಫೆಬ್ರುವರಿಯ ಎರಡನೆಯ ಸೋಮವಾರದಂದು ಬೆಳಗಿನಿಂದ ಸಂಜೆಯವರೆಗೆ ದೂರವಾಣಿಯಲ್ಲಿಯೇ ಕರೆ, ಸ್ವೀಕೃತಿಗಳು ನಡೆಯುತ್ತಿದ್ದವು. ರೋತ್ ಮತ್ತು ಷಿಂಗ್ 1997ರಲ್ಲಿ ಪ್ರಕಟಿಸಿದ ಅಧ್ಯಯನವು ತೋರಿಸಿದಂತೆ, ಮುಂದೂಡಿದ ಸ್ವೀಕೃತಿಯ ಕ್ರಮವನ್ನು ಮನುಷ್ಯರು ದೂರವಾಣಿ ಹಿಡಿದು ನಡೆಸಿದರೆ ಸಾಲುಗಟ್ಟಿದ ಉತ್ತರಗಳು ಒಂದಕ್ಕೊಂದು ಕಾಯುತ್ತ ದಿನವು ಮುಗಿದುಹೋಗುತ್ತದೆ. 1949ರ ತಂತಿಗಳ ಕಥೆಯು ಐವತ್ತು ವರ್ಷಗಳ ಬಳಿಕ ಇನ್ನೊಂದು ವೃತ್ತಿಯಲ್ಲಿ ಮರುಕಳಿಸಿತ್ತು.

ಹೊಂದಾಣಿಕೆಯು ಸಂಬಳವನ್ನು ತಗ್ಗಿಸುತ್ತದೆಂಬ ಆಕ್ಷೇಪವು 2002ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿತು. ಚೌಕಾಶಿಗೆ ಅವಕಾಶವಿಲ್ಲದೆ ಒಂದೇ ಹುದ್ದೆಗೆ ಬದ್ಧನಾಗುವ ಯುವ ವೈದ್ಯನು ಕಡಿಮೆ ವೇತನಕ್ಕೆ ದೀರ್ಘ ಗಂಟೆಗಳ ಕಾಲ ದುಡಿಯಬೇಕಾಗುತ್ತದೆಂಬುದು ವಾದಿಗಳ ನಿಲುವು. ಮೊಕದ್ದಮೆಯು ವಿಚಾರಣೆಯ ಹಂತದಲ್ಲಿರುವಾಗಲೇ, 2004ರಲ್ಲಿ, ಪಿಂಚಣಿ ನಿಧಿಗೆ ಸಂಬಂಧಿಸಿದ ಮಸೂದೆಯೊಂದರೊಳಗೆ ಸೇರಿಸಿದ ಪರಿಚ್ಛೇದದ ಮೂಲಕ ಅಮೆರಿಕದ ಶಾಸನಸಭೆಯು ಹೊಂದಾಣಿಕೆ ವ್ಯವಸ್ಥೆಯನ್ನು ಏಕಸ್ವಾಮ್ಯ ವಿರೋಧಿ ಕಾನೂನಿನ ವ್ಯಾಪ್ತಿಯಿಂದ ಹೊರಗಿರಿಸಿತು. ಅದೇ ವರ್ಷ ಮೊಕದ್ದಮೆಯು ವಜಾಗೊಂಡಿತು. 2006ರಲ್ಲಿ ಮೇಲ್ಮನವಿಯೂ ವಿಫಲವಾಯಿತು. ವೇತನದ ಪ್ರಶ್ನೆಯು ಸಾಕ್ಷ್ಯಗಳ ಆಧಾರದ ಮೇಲೆ ನಿರ್ಣಯವಾಗಲೇ ಇಲ್ಲ.

ಕರ್ನಾಟಕದ ವೈದ್ಯಕೀಯ ಶಿಕ್ಷಣದಲ್ಲಿ ಇಂಟರ್ನ್‌ಷಿಪ್ ಹೊಂದಾಣಿಕೆಯ ಪ್ರಶ್ನೆಯು ಹುಟ್ಟಲಿಲ್ಲ. ಇಲ್ಲಿನ ಎಂಬಿಬಿಎಸ್ ವಿದ್ಯಾರ್ಥಿಯು ಕಡ್ಡಾಯವಾದ ಒಂದು ವರ್ಷದ ಇಂಟರ್ನ್‌ಷಿಪ್ಪನ್ನು ಸಾಮಾನ್ಯವಾಗಿ ತನ್ನ ಕಾಲೇಜಿನ ಆಸ್ಪತ್ರೆಯಲ್ಲಿಯೇ ಮುಗಿಸುತ್ತಾನೆ. ಆದರೆ ಆದ್ಯತಾ ಪಟ್ಟಿಯು ಇಲ್ಲಿಗೆ ಬೇರೊಂದು ದ್ವಾರದಿಂದ ಬಂದಿತು. ಉನ್ನಿಕೃಷ್ಣನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1993ರಲ್ಲಿ ನೀಡಿದ ತೀರ್ಪಿನ ಹಿನ್ನೆಲೆಯಲ್ಲಿ 1994ರಿಂದ ಸಾಮಾನ್ಯ ಪ್ರವೇಶ ಪರೀಕ್ಷೆ ನಡೆಯತೊಡಗಿತು. ಮೊದಲಿಗೆ ರ‍್ಯಾಂಕಿನ ಸರದಿಯಂತೆ ವಿದ್ಯಾರ್ಥಿಗಳು ಪೋಷಕರೊಡನೆ ಬೆಂಗಳೂರಿಗೆ ಬಂದು, ಉಳಿದಿರುವ ಸೀಟುಗಳನ್ನು ಕಣ್ಣಾರೆ ಕಂಡು ಒಂದನ್ನು ಆರಿಸಿಕೊಳ್ಳುತ್ತಿದ್ದರು. ಗಣಕೀಕೃತ 'ಆಪ್ಷನ್ ಎಂಟ್ರಿ'ಯು ಬಂದ ಬಳಿಕ ಆ ಪ್ರಯಾಣದ ಸ್ಥಳವನ್ನು ಪಟ್ಟಿಯು ತುಂಬಿತು. ಎಲ್ಲ ಕಾಲೇಜುಗಳಿಗೂ ಒಂದೇ ರ‍್ಯಾಂಕ್ ಪಟ್ಟಿ ಅನ್ವಯಿಸುವಾಗ ಮೀಸಲಾತಿಯ ಆಯಾ ವರ್ಗದೊಳಗೆ ಸ್ಥಿರ ಹೊಂದಾಣಿಕೆಯು ಒಂದೇ ಒಂದು. ಯಾರು ಕರೆಯುತ್ತಾರೆ, ಯಾರು ಒಪ್ಪುತ್ತಾರೆ ಎಂಬ ಅಮೆರಿಕದ ವಿವಾದಕ್ಕೆ ಅಲ್ಲಿ ಅವಕಾಶವಿಲ್ಲ. ಸೀಟು ಹಂಚಿಕೆಯ ಬಳಿಕ ಪರೀಕ್ಷಾ ಪ್ರಾಧಿಕಾರವು ಕೊಡುವ ನಾಲ್ಕು ಆಯ್ಕೆಗಳಲ್ಲಿ ಎರಡನೆಯದು ಗಮನಾರ್ಹ. ದೊರೆತ ಸೀಟನ್ನು ಉಳಿಸಿಕೊಂಡೇ ಮೇಲಿನ ಆದ್ಯತೆಗಾಗಿ ಮುಂದಿನ ಸುತ್ತಿಗೆ ಕಾಯುವ ಆ 'ಚಾಯ್ಸ್ ಟು', ಗೇಲ್ ಮತ್ತು ಶೇಪ್ಲಿಯವರ ಮುಂದೂಡಿದ ಸ್ವೀಕೃತಿಗೆ ತೀರ ಹತ್ತಿರದ ಬಂಧು. ರಾಜ್ಯದ ಸಾವಿರಾರು ಮನೆಗಳಲ್ಲಿ ಅದನ್ನು ಗಣಿತದ ಹೆಸರಿಲ್ಲದೆಯೇ ಚರ್ಚಿಸಲಾಗುತ್ತದೆ.

ಅಮೆರಿಕದ ಪಟ್ಟಿಯೊಡನೆ ಕರ್ನಾಟಕಕ್ಕೆ ನೇರವಾದ ಸಂಬಂಧವೂ ಉಂಟು. ಇಲ್ಲಿ ಪದವಿ ಪಡೆದು ಅಲ್ಲಿ ವೈದ್ಯರಾಗಬಯಸುವವರು ಅರ್ಹತಾ ಪ್ರಮಾಣಪತ್ರ ಪಡೆದು ಬಹುಮಟ್ಟಿಗೆ ಇದೇ ಹೊಂದಾಣಿಕೆಯ ಮೂಲಕ ಹಾದುಹೋಗುತ್ತಾರೆ. ಅಲ್ಲಿನ ಪದವೀಧರರು ತಮ್ಮ ಪಟ್ಟಿಯಲ್ಲಿ ಬರೆಯದ ಊರುಗಳ ಆಸ್ಪತ್ರೆಗಳು ಅನೇಕ ವೇಳೆ ತುಂಬಿರುವುದು ಇಂಥ ವಿದೇಶಿ ಪದವೀಧರರಿಂದ. ಅವರಿಗೆ ಪಟ್ಟಿಯನ್ನು ಬರೆಯುವ ಸ್ವಾತಂತ್ರ್ಯವಿದೆಯಾದರೂ ಸಂದರ್ಶನಕ್ಕೆ ಕರೆದ ಆಸ್ಪತ್ರೆಗಳನ್ನು ಬರೆದರಷ್ಟೇ ಪ್ರಯೋಜನ; ಕರೆಗಳು ಎರಡೋ ಮೂರೋ ಆದಾಗ ಕ್ರಮದ ಪ್ರಶ್ನೆಯೇ ಗೌಣವಾಗುತ್ತದೆ. 2020ರಲ್ಲಿ ಸಾಂಕ್ರಾಮಿಕದ ನಿಮಿತ್ತ ಸಂದರ್ಶನಗಳು ಅಂತರಜಾಲಕ್ಕೆ ಸ್ಥಳಾಂತರಗೊಂಡವು. ಅಭ್ಯರ್ಥಿಗಳು ಹಾಕುವ ಅರ್ಜಿಗಳ ಸಂಖ್ಯೆಯು ವರ್ಷಗಳಿಂದ ಏರುತ್ತಲೇ ಬಂದು, ನಿಜವಾದ ಆಸಕ್ತಿಯುಳ್ಳವರನ್ನು ಗುರುತಿಸುವುದು ಆಸ್ಪತ್ರೆಗಳಿಗೆ ಕಷ್ಟವಾಗಿತ್ತು. ಅದಕ್ಕೆ ಉತ್ತರವಾಗಿ ಕಿವಿ-ಮೂಗು-ಗಂಟಲು ವಿಭಾಗವು 2020-21ರಲ್ಲಿ ಆರಂಭಿಸಿದ 'ಆದ್ಯತಾ ಸಂಕೇತ'ದ ಪದ್ಧತಿಯು ಒಂದೆರಡು ವರ್ಷಗಳಲ್ಲಿ ಬಹಳಷ್ಟು ವಿಭಾಗಗಳಿಗೆ ಹರಡಿತು. ಅರ್ಜಿ ಹಾಕುವಾಗಲೇ ಅಭ್ಯರ್ಥಿಯು ತಾನು ವಿಶೇಷವಾಗಿ ಇಷ್ಟಪಡುವ ಕೆಲವು ಆಸ್ಪತ್ರೆಗಳಿಗೆ ಆ ಸಂಕೇತವನ್ನು ಕಳುಹಿಸಬಹುದು. ಅವುಗಳ ಸಂಖ್ಯೆ ಸೀಮಿತ. ಕೊನೆಯ ಆದ್ಯತಾ ಪಟ್ಟಿಯು ಹಿಂದಿನಂತೆಯೇ ಗುಪ್ತವಾಗಿದೆ. ನೀನು ನಮಗೆ ಎಷ್ಟನೆಯ ಸ್ಥಾನ ಕೊಡುವೆ ಎಂದು ಅಭ್ಯರ್ಥಿಯನ್ನು ಕೇಳುವುದಕ್ಕೆ ಇಂದಿಗೂ ನಿಷೇಧವಿದೆ. ಸಂಕೇತವನ್ನು ಮಾತ್ರ ಆಸ್ಪತ್ರೆಯು ಮೊದಲ ದಿನವೇ ಓದುತ್ತದೆ.